ಆ ಬೋರ್ಡಿನಲ್ಲಿ ನಾನು ಓದಿದ್ದು

ಹೋದ ವರ್ಷ ದೀಪಾವಳಿ ಮುಗಿದ ವಾರ. ನನ್ನ ತಂಗಿ ಕಸ್ತೂರಿ ಸಂಭಾಜಿನಗರದಿಂದ ನಾಸಿಕಕ್ಕೆ, ಅಂಬಡ್‌ನಲ್ಲಿರುವ ನನ್ನ ಬಾಡಿಗೆ ಕೋಣೆಗೆ ಬಂದಳು. ಎರಡು ಮಕ್ಕಳ ತಾಯಿ, ಮೈಯಲ್ಲಿ ರಕ್ತವಿಲ್ಲ, ಮತ್ತೆ ಬಸುರಿ.

“ಅಕ್ಕಾ, ಇದೊಂದು ನನಗ ಬ್ಯಾಡ. ದವಾಖಾನಿಗೆ ಕರಕೊಂಡು ಹೋಗು.”

ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ. ಮರಾಠಿ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಬೋರ್ಡೊಂದಿತ್ತು. ನಡುವಿನ ಉದ್ದ ಪದಗಳನ್ನು ಬಿಟ್ಟು, ಮೊದಲಿಗೆ ‘ಗರ್ಭ’, ಕೊನೆಗೆ ‘ಗುನ್ಹಾ’, ಅಂದರೆ ಅಪರಾಧ, ಎಂದು ಓದಿದೆ.

“ಏ ಹುಚ್ಚಿ, ಜೇಲಿಗೆ ಹೋಗ್ತಿಯೇನ? ಗುನ್ಹಾ ಅಂತ ಬರದಾರ ನೋಡು. ದೇವರೂ ಒಪ್ಪಾಂಗಿಲ್ಲ.”

“ಒಳಗ ಹೋಗಿ ಒಂದ್ ಮಾತ ಕೇಳೂಣಲ್ಲ?”

“ಓದು ಬರೂದು ನಿನಗೋ ನನಗೋ?” ಎಂದು ಕೈ ಹಿಡಿದು ಎಳೆದುಕೊಂಡು ಬಂದೆ.

ಅವಳನ್ನು ಮನೆಗೆ ಬಿಡಲು ಹೋಗುವಾಗ ದಾರಿಯಲ್ಲಿ ಎಲ್ಲೋರಾ ಗುಹೆಗಳ ಊರು ವೇರೂಳ್‌ನಲ್ಲಿ ಬಸ್ಸಿನಿಂದ ಇಳಿಸಿದೆ. ಅಲ್ಲಿನ ಶಿವನ ಗುಡಿಯ ದಾರಿಯ ಮರವೊಂದಕ್ಕೆ ಜನ ಹರಕೆಯ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಅವಳ ಕೈಯಿಂದಲೂ ಒಂದು ಕಟ್ಟಿಸಿದೆ. ಎಲೆಯೂ ಅಲುಗದ ಮಧ್ಯಾಹ್ನ. ಬೇರೆ ತೊಟ್ಟಿಲುಗಳೆಲ್ಲ ಸುಮ್ಮನಿದ್ದವು. ನಮ್ಮದು ಮಾತ್ರ ಮೆಲ್ಲಗೆ ತೂಗತೊಡಗಿತು.

“ನೋಡು, ದೇವರು ಹೂಂ ಅಂದ,” ಎಂದು ಕೈ ಮುಗಿದೆ.

ಕಸ್ತೂರಿ ಹಿಂದೆ ಸರಿದಳು. “ಅಕ್ಕಾ, ಅದನ್ನ ಯಾರ ತೂಗಾಕತ್ತಾರ?”

ಕೆಲವೇ ದಿನಗಳಲ್ಲಿ ಅವಳ ಗಂಡನ ಫೋನು ಬಂತು. ಹಿಂದಿನ ಓಣಿಯ ಹೆಂಗಸೊಬ್ಬಳ ಹತ್ತಿರ ಕದ್ದು ಹೋಗಿ ತೆಗೆಸಿಕೊಂಡಿದ್ದಳಂತೆ. ನಾನು ಸಂಭಾಜಿನಗರದ ಆಸ್ಪತ್ರೆ ತಲುಪಿದಾಗ ಅವಳ ಕೈ ತಣ್ಣಗಿತ್ತು. ತುಟಿ ಅಲುಗಿತು. ಬಗ್ಗಿ ಕಿವಿಗೊಟ್ಟೆ.

“ಅಕ್ಕಾ, ತೊಟ್ಲಾ ನಿಲ್ಲಸು.”

ಸಂಜೆಗೆ ಹೋಗಿಬಿಟ್ಟಳು.

ಅಲ್ಲಿನ ಗೋಡೆಯ ಮೇಲೂ ಅದೇ ಬೋರ್ಡಿತ್ತು. ಅದನ್ನು ತೋರಿಸಿ, ಗುನ್ಹಾ ಅಂತ ನಾನು ಹೇಳಿದ್ದರೂ ಮಾಡಿಸಿಕೊಂಡಳು ಎಂದು ಗೋಳಾಡಿದೆ. ನರ್ಸ್ ನನ್ನನ್ನೇ ನೋಡಿ ಮರಾಠಿಯಲ್ಲಿ ಹೇಳಿದರು: “ಅಮ್ಮಾ, ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ನೋಡೋದು ಗುನ್ಹಾ. ಅದನ್ನೇ ಬರೆದಿರೋದು. ಇವಳಂಥವರಿಗೆ ತೆಗೆಸೋಕೆ ಕಾಯಿದೆಯೇ ಇದೆ. ಮೊದಲೇ ಬಂದಿದ್ದರೆ ಡಾಕ್ಟರೇ ಮಾಡುತ್ತಿದ್ದರು.”

ನಾನು ಜೈಲು, ದೇವರು ಎಂದು ಹೆದರಿಸಿದ್ದರಿಂದ ಅವಳ ಮನಸ್ಸು ಬದಲಾಗಲಿಲ್ಲ. ಹೋದ ಬಾಗಿಲು ಬದಲಾಯಿತು.

ಅವಳ ದಿನಕರ್ಮವೆಲ್ಲ ಮುಗಿದ ಮೇಲೆ ವೇರೂಳ್‌ಗೆ ಹೋದೆ. ಅವತ್ತೂ ಗಾಳಿಯಿರಲಿಲ್ಲ. ತೊಟ್ಟಿಲು ತೂಗುತ್ತಲೇ ಇತ್ತು. ಅಂಗೈಯಿಂದ ಹಿಡಿದೆ, ನಿಂತಿತು. ಬಿಟ್ಟೆ, ಮತ್ತೆ ತೂಗಿತು. ಕಸ್ತೂರಿ ಹಾಕಿದ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ.

ಈಗಲೂ ನಾನು ಕೆಲಸ ಮಾಡುವ ಕ್ಯಾಂಟೀನಿನಲ್ಲಿ ಹಿಟ್ಟು ನಾದುವಾಗ ಅಂಗೈಗೆ ಆ ತೂಗಾಟ ತಾಗುತ್ತದೆ. ಯಾವ ಬೋರ್ಡು ಕಂಡರೂ ಪಕ್ಕದಲ್ಲಿದ್ದವರನ್ನು ನಿಲ್ಲಿಸಿ ಕೇಳುತ್ತೇನೆ: “ನಡುವಿಂದೂ ಓದಿ ಹೇಳ್ರಿ.”