ಏನಿಲ್ಲ ಎಂಬ ರಬ್ಬರ್ ಸ್ಟಾಂಪು

ಸೆಲೋ ಟೇಪು ಹುಡುಕಲು ಹೋದವಳ ಕೈಗೆ ಸಿಕ್ಕಿದ್ದು ಒಂದು ರಬ್ಬರ್ ಸ್ಟಾಂಪು. ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಒಂದು ಡ್ರಾಯರಿದೆ. ಅದರೊಳಗೆ ಏನೇನಿದೆ ಎಂಬುದು ಯಾರಿಗೂ ಗೊತ್ತಿಲ್ಲ, ಬೇಕಾದ ವಸ್ತು ಮಾತ್ರ ಅದರಲ್ಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೇ ಇರುತ್ತದೆ. ಸ್ಟಾಂಪಿನ ಮರದ ಹಿಡಿ ಸವೆದಿತ್ತು, ನೇರಳೆ ಶಾಯಿ ಒಣಗಿ ಹಕ್ಕಳೆಗಟ್ಟಿತ್ತು. ನಾನು ಅದನ್ನು ಮತ್ತೆ ಒಳಗೆ ತುರುಕುವಷ್ಟರಲ್ಲಿ ಮಗಳು ಕಿತ್ತುಕೊಂಡಳು. ಬಾಯಿಯ ಆವಿ ಊದಿ, ಮೇಜಿನ ಮೇಲಿದ್ದ ಕಾಗದಕ್ಕೆ ಒತ್ತಿಯೂ ಬಿಟ್ಟಳು. ಕಾಗದದ ಮೇಲೆ ಮಸುಕಾಗಿ ಇಂಗ್ಲಿಷಿನ ಮೂರಕ್ಷರ ಮೂಡಿದವು: ನಿಲ್.

"ಅಮ್ಮಾ, ಯೇ ಕ್ಯಾ ಹೈ? ಯಾಕೆ ಇದರದ್ದು ಸ್ಟಾಂಪ್?" ಎಂದಳು.

"ಏನಿಲ್ಲ ಅಂತ."

"ಅಚ್ಛಾ, ಏನಿಲ್ಲ ಅಂದ್ರೆ ಏನು ಇಲ್ಲ?"

ಹತ್ತೊಂಬತ್ತು ವರ್ಷ ದೆಹಲಿಯಲ್ಲೇ ಬೆಳೆದ ಹುಡುಗಿ ಕನ್ನಡ ಮಾತಾಡುವುದು ಅಪರೂಪ. ಆಡಿದಾಗ ಹೀಗೆ ಬುಡಕ್ಕೇ ಕೈ ಹಾಕುತ್ತಾಳೆ. ನಾನು ಅವಳು ಸೀಲು ಹೊಡೆದ ಕಾಗದ ನೋಡಿದೆ. ಅದು ಉಡುಪಿಯ ಅಕ್ಕ ಭಾವನ ಹೆಲಿಕಾಪ್ಟರ್ ಟಿಕೆಟ್ಟು. ಮುಂದಿನ ವಾರ ಇಬ್ಬರೂ ನಮ್ಮ ಮನೆಗೆ ಬಂದು, ಇಲ್ಲಿಂದ ಬೆಟ್ಟದ ಮೇಲಿನ ದೇವರ ದರ್ಶನಕ್ಕೆ ಹೊರಡುವವರಿದ್ದರು. ಭಾವನಿಗೆ ಮಂಡಿನೋವು, ನಡೆಯಲಾಗದು, ಅದಕ್ಕೆ ಹೆಲಿಕಾಪ್ಟರು. ಪ್ರಿಂಟ್ ತೆಗೆದಿಡು ಎಂದು ಫೋನಿಗೆ ಕಳಿಸಿದ್ದರು, ನಾನು ಓದದೆಯೇ ತೆಗೆದಿಟ್ಟಿದ್ದೆ. ಓದದೆಯೇ ಕೆಲಸ ಮುಗಿಸುವುದು ನನ್ನ ಹಳೆಯ ಚಾಳಿ. ಈಗ ಓದಿದೆ. ಕಂಪನಿಯ ಹೆಸರು ಎಂದೂ ಕೇಳದ್ದು. ಎರಡನೆಯ ಪುಟದಲ್ಲಿ ಅಧ್ಯಕ್ಷರ ಸಂದೇಶ, ಅದರ ಪಕ್ಕದಲ್ಲಿ ಅವರ ಭಾವಚಿತ್ರ. ಕಂಪನಿಯ ಹೆಸರು ಹೊಸದಾದರೂ ಮೀಸೆ ಹಳೆಯದೇ, ನನ್ನ ಹಿಂದಿನ ಸಾಹೇಬರದು. ಕೆಳಗೆ ದಪ್ಪ ಅಕ್ಷರದಲ್ಲಿ, ಇಷ್ಟು ವರ್ಷಗಳ ಅನುಭವದಲ್ಲಿ ಅಪಘಾತಗಳ ಸಂಖ್ಯೆ ಸೊನ್ನೆ ಎಂದು ಬರೆದಿತ್ತು. ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಆ ಸೊನ್ನೆಯಲ್ಲಿ ನನ್ನ ಪಾಲೂ ಇದೆ.

ವಿಮಾನದ ಕಂಪನಿ ಎಂದರೆ ನೀವು ಏನು ಕಲ್ಪಿಸಿಕೊಳ್ಳುತ್ತೀರೋ ಕಾಣೆ. ನಾನು ಐದು ವರ್ಷ ಕೆಲಸ ಮಾಡಿದ ಕಂಪನಿ ಇದ್ದದ್ದು ದೆಹಲಿಯ ಮುನಿರ್ಕಾದ ಒಂದು ನೆಲಮಾಳಿಗೆಯಲ್ಲಿ. ಜನರನ್ನು ಆಕಾಶಕ್ಕೆ ಏರಿಸುವವರ ಕಚೇರಿಗೆ ನಾವು ದಿನವೂ ಹನ್ನೊಂದು ಮೆಟ್ಟಿಲು ಇಳಿದು ಹೋಗುತ್ತಿದ್ದೆವು. ಮಳೆ ಬಂದರೆ ನೀರೂ ಅದೇ ಮೆಟ್ಟಿಲು ಇಳಿದು ಬರುತ್ತಿತ್ತು, ಫೈಲುಗಳನ್ನೆಲ್ಲ ಇಟ್ಟಿಗೆಯ ಮೇಲೆ ಜೋಡಿಸಿಟ್ಟಿದ್ದೆವು. ಕಂಪನಿಗೆ ಎರಡು ಹೆಲಿಕಾಪ್ಟರು, ಒಂದು ಪುಟ್ಟ ವಿಮಾನ. ಆ ವಿಮಾನ ನನ್ನ ಕಾಲದಲ್ಲಿ ಒಮ್ಮೆಯೂ ಶೆಡ್ಡು ಬಿಟ್ಟು ಹೊರಗೆ ಬಂದದ್ದಿಲ್ಲ. ನಮ್ಮಲ್ಲಿ ನಿಜವಾಗಿ ಕಳಂಕವಿಲ್ಲದ ಸೇಫ್ಟಿ ದಾಖಲೆ ಇದ್ದದ್ದು ಅದೊಂದಕ್ಕೇ.

ನನ್ನ ಹುದ್ದೆಯ ಹೆಸರು ಸೇಫ್ಟಿ ಕೋಆರ್ಡಿನೇಟರ್. ನಗಬೇಡಿ. ಅಷ್ಟರವರೆಗೆ ನಾನು ವಿಮಾನ ಹತ್ತಿದ್ದು ಎರಡು ಸಲ, ಮಂಗಳೂರಿಗೆ, ಎರಡು ಸಲವೂ ಕಣ್ಣು ಮುಚ್ಚಿಕೊಂಡು. ಟೈಪಿಂಗ್ ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದೆ, ಸುರಕ್ಷತೆ ನನ್ನ ಕೈಗೆ ಬಂತು. ಕೇಳಿದವರು ನಮ್ಮ ಡೈರೆಕ್ಟರ್ ಸಾಹೇಬರು. ಮೊದಲು ಮದುವೆಗಳಿಗೆ ಶಾಮಿಯಾನ ಹಾಕಿಸುವ ವ್ಯವಹಾರದಲ್ಲಿದ್ದರು. ಮದುಮಗನನ್ನು ಹೆಲಿಕಾಪ್ಟರಿನಲ್ಲಿ ಇಳಿಸುವ ಶೋಕಿ ಶುರುವಾದಾಗ, ಬಾಡಿಗೆಗೆ ತರುವುದಕ್ಕಿಂತ ತಾವೇ ಇಟ್ಟುಕೊಳ್ಳುವುದು ಲೇಸೆಂದು ಕಂಪನಿ ತೆರೆದರು. ಕೆಟ್ಟ ಮನುಷ್ಯರಲ್ಲ, ದೀಪಾವಳಿಗೆ ಎಲ್ಲರಿಗೂ ಡ್ರೈಫ್ರೂಟ್ಸ್ ಡಬ್ಬಿ ಕೊಡುತ್ತಿದ್ದರು. ಆದರೆ ಅವರಲ್ಲಿ ಒಂದು ಮಾತಿತ್ತು, ಅದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. "ಕುಛ್ ನಹೀಂ ಹುವಾ." ಏನೂ ಆಗಿಲ್ಲ ಅಂತ.

ಆಕಾಶದಲ್ಲಿರುವಾಗ ಬಾಗಿಲು ತೆರೆದುಕೊಂಡು ಪುಢಾರಿಯೊಬ್ಬರ ಶಾಲು ಹಾರಿ ಹೋಯಿತು. ಕುಛ್ ನಹೀಂ ಹುವಾ, ಶಾಲು ತಾನೆ. ಫರೀದಾಬಾದಿನ ಒಂದು ಮದುವೆಯಲ್ಲಿ ಹೆಲಿಕಾಪ್ಟರು ಇಳಿದ ರಭಸಕ್ಕೆ ಅರ್ಧ ಶಾಮಿಯಾನ ಎದ್ದು ಚಾಟ್ ಕೌಂಟರಿನ ಮೇಲೆ ಬಿತ್ತು, ಒಂದು ಕಾಲು ಕೆಸರಿನಲ್ಲಿ ಹೂತು ಯಂತ್ರ ವಾಲಿ ನಿಂತಿತು. ಕುಛ್ ನಹೀಂ ಹುವಾ, ಮದುವೆಯಂತೂ ಆಯಿತಲ್ಲ. ಆಗಸ್ಟಿನಲ್ಲಿ, ದೆಹಲಿಯ ಮೇಲೆಲ್ಲ ಗಾಳಿಪಟ ಹಾರುವ ದಿನಗಳಲ್ಲಿ, ಬಾಲದಲ್ಲಿ ತಿರುಗುವ ರೋಟರಿಗೆ ಮಾಂಝಾ ಸುತ್ತಿಕೊಂಡು ಬಂತು. ಅದೇ, ಗಾಜಿನ ಪುಡಿ ಹಚ್ಚಿದ ಆ ದಾರ. ಬಿಡಿಸಿ ಬಿಸಾಕಿದರಾಯಿತು, ಕುಛ್ ನಹೀಂ ಹುವಾ.

ಪ್ರತಿ ತಿಂಗಳ ಕೊನೆಗೆ ಸರ್ಕಾರಿ ಕಚೇರಿಗೆ ನಾನೊಂದು ಫಾರಂ ತುಂಬಿ ಕಳಿಸಬೇಕಿತ್ತು. ಈ ತಿಂಗಳಲ್ಲಿ ನಡೆದ ಅವಘಡಗಳು, ಅವಘಡದ ಅಂಚಿಗೆ ಹೋಗಿ ಬಂದವು, ಯಂತ್ರದ ದೋಷಗಳು, ಹೀಗೆ ಒಂಬತ್ತು ಅಂಕಣ. ಒಂಬತ್ತರಲ್ಲೂ ನಿಲ್ ಎಂದು ಬರೆಯಲು ಸಾಹೇಬರ ಅಪ್ಪಣೆ. ಬೆರಳು ನೋಯುತ್ತದೆ ಎಂದು ಮಾರುಕಟ್ಟೆಯ ಸ್ಟಾಂಪಿನ ಭಯ್ಯಾನ ಹತ್ತಿರ ಹೋಗಿ ಆ ಸೀಲು ಮಾಡಿಸಿದವಳು ನಾನೇ. ಅದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ, ಸೋಮಾರಿತನ ನನ್ನ ಸ್ವಂತದ್ದು. ಇನ್ನೂ ಕೇಳಿ. ಕೊನೆಯ ಎರಡು ವರ್ಷ, ಏಪ್ರಿಲ್ ಮೊದಲ ವಾರದಲ್ಲೇ ಹನ್ನೆರಡು ಫಾರಂಗಳಿಗೂ ಟಪಟಪ ಸೀಲು ಹೊಡೆದು, ಲಕೋಟೆಗೆ ಹಾಕಿ, ಮೇಲೆ ತಿಂಗಳ ಹೆಸರು ಬರೆದು ಇಟ್ಟುಬಿಡುತ್ತಿದ್ದೆ. ಮುಂದಿನ ಮಾರ್ಚಿನಲ್ಲಿ ಏನೂ ಆಗುವುದಿಲ್ಲ ಎಂದು ನನಗೆ ಈ ಏಪ್ರಿಲ್ಲಿನಲ್ಲೇ ಗೊತ್ತಿರುತ್ತಿತ್ತು.

ಇದನ್ನು ಕಂಡು ನೊಂದುಕೊಂಡವರು ಒಬ್ಬರೇ, ಪೂವಯ್ಯನವರು. ಕೊಡಗಿನವರು, ವಾಯುಸೇನೆಯಲ್ಲಿ ಯಂತ್ರ ನೋಡಿಕೊಂಡು ನಿವೃತ್ತರಾಗಿ ನಮ್ಮಲ್ಲಿಗೆ ಇಂಜಿನಿಯರಾಗಿ ಬಂದಿದ್ದರು. ಅವರ ಸಹಿ ಇಲ್ಲದೆ ಹೆಲಿಕಾಪ್ಟರು ಏಳುವಂತಿರಲಿಲ್ಲ. ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ, ಜೇಬಿನಲ್ಲಿ ಟಾರ್ಚು, ಕೈಯಲ್ಲಿ ನೀಲಿ ರಟ್ಟಿನ ನೋಟುಪುಸ್ತಕ. ನಡೆದದ್ದೆಲ್ಲ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಯಾಕೆ ಕನ್ನಡ ಎಂದು ಕೇಳಿದ್ದಕ್ಕೆ, "ಇಂಗ್ಲಿಷಲ್ಲಿ ಬರೆದ್ರೆ ಸಾಹೇಬ್ರು ಓದ್ತಾರೆ. ಓದಿದ್ರೆ ತಿದ್ದಿಸ್ತಾರಮ್ಮ" ಎಂದಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ನನ್ನ ಸೀಲನ್ನು ಮೊದಲ ಸಲ ನೋಡಿದಾಗ ಅದನ್ನು ಬೆಳಕಿಗೆ ಹಿಡಿದು, "ಒಳ್ಳೇ ಕನ್ನಡವೇ ಇದೆಯಲ್ಲ. ನಿಲ್ ಅಂದ್ರೆ ನಿಲ್ಲು ಅಂತ ತಾನೆ. ಪಾಪ, ಅದು ಹೇಳೋದು ಯಾರಿಗೂ ಕೇಳಿಸ್ತಾ ಇಲ್ಲ" ಎಂದರು. ನಾನು ನಕ್ಕಿದ್ದೆ. ಅವರು ನಕ್ಕಿರಲಿಲ್ಲ ಎಂಬುದು ನನಗೆ ನೆನಪಾದದ್ದು ಬಹಳ ಆಮೇಲೆ.

ನಮ್ಮವರ ಒಂದು ಅಭ್ಯಾಸ ನೀವು ಗಮನಿಸಿರಬಹುದು. ನಿಜವಾಗಿ ಏನಾದರೂ ಇದ್ದಾಗಲೇ ನಾವು ಏನಿಲ್ಲ ಎಂದು ಮಾತು ಶುರು ಮಾಡುತ್ತೇವೆ. ಊರಿಂದ ಅಪ್ಪ ಫೋನು ಮಾಡಿ, "ಏನಿಲ್ಲ ಮಗಾ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೇವೆ" ಎನ್ನುತ್ತಿದ್ದರು. ಪಕ್ಕದ ಮನೆಯವರು ಬಂದು "ಏನಿಲ್ಲ, ಸುಮ್ನೆ ಬಂದೆ" ಎಂದರೆ ದೊಡ್ಡದೇ ಒಂದು ಸಂಗತಿ ಇದೆ ಎಂದು ನಾವು ಕುರ್ಚಿ ಎಳೆದು ಹಾಕುತ್ತೇವೆ. ಸಾಹೇಬರ ಕುಛ್ ನಹೀಂ ಮಾತನ್ನು ಮುಗಿಸುವುದಕ್ಕೆ, ನಮ್ಮ ಏನಿಲ್ಲ ಮಾತನ್ನು ತೆಗೆಯುವುದಕ್ಕೆ. ಪೂವಯ್ಯನವರು ನನ್ನ ಮೇಜಿನ ಎದುರು ಬಂದು ನಿಂತು "ಏನಿಲ್ಲಮ್ಮ" ಎಂದಾಗಲೆಲ್ಲ ನಾನು ಕುರ್ಚಿ ಎಳೆದು ಹಾಕಬೇಕಿತ್ತು. ಹಾಕಲಿಲ್ಲ. ಅವರು ನಿಂತೇ ಹೇಳಿ ಹೋಗುತ್ತಿದ್ದರು.

ಆ ಸಲವೂ ಹಾಗೇ ಬಂದರು. "ಏನಿಲ್ಲಮ್ಮ, ಎರಡನೇ ಯಂತ್ರದ ಬಾಲದಲ್ಲಿ ನಡುಕ ಇದೆ. ಮಾಂಝಾ ಸುತ್ತಿದ ಮೇಲೆ ಇದು ಮೂರನೇ ಸಲ. ಬಿಚ್ಚಿ ನೋಡಬೇಕು. ನಾನು ನಿಲ್ಲಿಸಿದ್ದೇನೆ. ಈ ಸಲ ಆದ್ರೂ ಫಾರಂನಲ್ಲಿ ಬರೀತೀರಾ?"

ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದೆ. ಆ ತಿಂಗಳ ಲಕೋಟೆ ಅಷ್ಟು ಹೊತ್ತಿಗೆ ಅಂಟಿಸಿಯೇ ಇತ್ತು. ಹರಿದು ಹೊಸದು ಮಾಡಬೇಕಲ್ಲ ಎಂಬ ಬೇಸರ ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಸಾಹೇಬರು ಪೂವಯ್ಯನವರನ್ನು ಎರಡು ದಿನ ರಜೆಯ ಮೇಲೆ ಕಳಿಸಿದರು, ಎಲ್ಲಿಂದಲೋ ಇನ್ನೊಬ್ಬ ಇಂಜಿನಿಯರನ್ನು ಕರೆಸಿ ಸಹಿ ಹಾಕಿಸಿದರು. ಮರುದಿನ ಬೆಳಿಗ್ಗೆ ಕ್ಯಾಪ್ಟನ್ ಸಂಧು ಒಬ್ಬನೇ ಆ ಹೆಲಿಕಾಪ್ಟರನ್ನು ಬೆಟ್ಟದ ಕಡೆಗೆ ಒಯ್ದ. ನನ್ನ ಡಬ್ಬಿಯ ನೀರುದೋಸೆಗೆ ದಿನವೂ ಪಾಲು ಕೇಳುತ್ತಿದ್ದ ಹುಡುಗ, ಮೂವತ್ತು ತುಂಬಿರಲಿಲ್ಲ. ಅಲ್ಲಿ ಇಳಿಯುವಾಗ ಬಾಲದ ರೋಟರು ಕೈಕೊಟ್ಟು, ಯಂತ್ರ ಗಿರ್ರನೆ ತಿರುಗಿ ಮಗ್ಗುಲಾಗಿ ಬಿತ್ತು. ಜೀವ ಉಳಿಯಿತು. ಬೆನ್ನುಮೂಳೆ ಮುರಿಯಿತು.

ಮೂರನೆಯ ದಿನ ಪ್ಯೂನು ತನ್ನ ಪಾಡಿಗೆ ತಾನು ಆ ತಿಂಗಳ ಲಕೋಟೆಯನ್ನು ಅಂಚೆಗೆ ಹಾಕಿದ. ಒಂಬತ್ತು ಅಂಕಣ, ಒಂಬತ್ತು ನಿಲ್.

ತನಿಖೆಗೆ ಬಂದ ಅಧಿಕಾರಿ ನಮ್ಮ ನೆಲಮಾಳಿಗೆಯಲ್ಲೇ ಕುಳಿತು, ಈ ಯಂತ್ರದ ಹಿಂದಿನ ಇತಿಹಾಸ ಕೊಡಿ ಎಂದರು. ನಾನು ಫೈಲು ಕೊಟ್ಟೆ, ಪುಟ ಪುಟವೂ ನೇರಳೆ. ಪೂವಯ್ಯನವರು ತಮ್ಮ ನೋಟುಪುಸ್ತಕ ಮುಂದಿಟ್ಟು, ಇತಿಹಾಸ ಇದರಲ್ಲಿದೆ ಎಂದರು. ಅಧಿಕಾರಿ ನಾಲ್ಕು ಹಾಳೆ ಮಗುಚಿ, "ಯೇ ಕೌನ್ಸೀ ಭಾಷಾ ಹೈ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬರೆದವರೇ ಓದಿ ಹೇಳಿದರೆ ನಡೆಯದು ಎಂದು ನನ್ನ ಕಡೆಗೆ ತಿರುಗಿದರು. "ಮೇಡಂ, ಆಪ್ ಪಢ್ ಸಕ್ತೀ ಹೈಂ?"

ಓದಬಲ್ಲೆ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಹಾಗಾದರೆ ಇದನ್ನೆಲ್ಲ ಬಿಟ್ಟು ನಿಲ್ ಎಂದು ಸೀಲು ಹೊಡೆದವರು ಯಾರು? ಮಗಳ ಶಾಲೆ, ಮನೆ ಸಾಲ, ನನ್ನ ಹೆಸರು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಸಾಹೇಬರು ಎದುರಿಗೇ ಕುಳಿತಿದ್ದರು. ನಾನು ಪುಟವನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಕನ್ನಡಕ ಒರೆಸಿದೆ. ಅಂಥ ನಾಟಕ ನನಗೆ ಬರುತ್ತದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಆಮೇಲೆ ಹೇಳಿದೆ, "ಭಾಷೆ ಗೊತ್ತು ಸರ್. ಅಕ್ಷರ ಸ್ಪಷ್ಟವಾಗಿಲ್ಲ."

ಅಧಿಕಾರಿ ಪುಸ್ತಕ ಮುಚ್ಚಿ ವಾಪಸು ಕೊಟ್ಟರು. ಯಂತ್ರದಲ್ಲಿ ಹಿಂದೆ ಯಾವ ದೋಷವೂ ದಾಖಲಾಗಿಲ್ಲ, ಆದ್ದರಿಂದ ಪೈಲಟಿನ ತಪ್ಪು ಎಂದು ವರದಿ ಬಂತು. ಸಂಧು ಮತ್ತೆ ಹಾರಲಿಲ್ಲ. ಫರೀದಾಬಾದಿನಲ್ಲಿ ಅಪ್ಪನ ಮನೆಯಲ್ಲಿ ಎರಡು ವರ್ಷ ಮಲಗಿದ್ದನಂತೆ. ಮೆಟ್ರೋದಲ್ಲಿ ಹೋದರೆ ಒಂದೂವರೆ ತಾಸಿನ ದಾರಿ, ನಾನು ಒಮ್ಮೆಯೂ ಹೋಗಲಿಲ್ಲ. ಪೂವಯ್ಯನವರು ಅದೇ ವಾರ ರಾಜೀನಾಮೆ ಕೊಟ್ಟರು. ಹೊರಡುವ ದಿನ ನನ್ನ ಮೇಜಿನ ಬಳಿ ಬಂದು ನೋಟುಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟರು. "ನಿಮ್ಮ ಹತ್ರಾನೇ ಇರ್ಲಿ. ಅಕ್ಷರ ಸ್ಪಷ್ಟ ಆದಾಗ ಓದಿ" ಎಂದರು. ಗದರಿದ್ದರೆ ಚೆನ್ನಾಗಿತ್ತು. ಅವರು ಗದರುವ ಜಾತಿಯವರಲ್ಲ. ಎರಡು ವರ್ಷದ ಹಿಂದೆ ಊರಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ನಾನು ಕೆಲಸ ಬಿಟ್ಟ ಮೇಲೆ ಕಂಪನಿಯೂ ಮುಚ್ಚಿತು ಎಂದು ಕೇಳಿ ನಿಶ್ಚಿಂತಳಾಗಿದ್ದೆ. ಎಂಥ ಪೆದ್ದಿ ನೋಡಿ. ಹಳೆಯ ಅನುಭವದ ವರ್ಷಗಳೆಲ್ಲ ಹೊಸ ಹೆಸರಿನ ಜೊತೆಗೆ ಬಂದಿವೆ, ಹಳೆಯ ಅಪಘಾತ ಮಾತ್ರ ಬಂದಿಲ್ಲ.

ಮತ್ತೆ ಡ್ರಾಯರಿಗೆ ಕೈ ಹಾಕಿದೆ. ಸ್ಟಾಂಪಿದ್ದ ಜಾಗದಲ್ಲೇ ಕೆಳಗಡೆ ನೀಲಿ ರಟ್ಟಿನ ಪುಸ್ತಕವೂ ಇತ್ತು. ಇರುತ್ತದೆ ಎಂದು ನನಗೆ ಗೊತ್ತಿತ್ತು, ಇಷ್ಟು ವರ್ಷ ಆ ಡ್ರಾಯರನ್ನು ನಾನು ಅರ್ಧಕ್ಕಿಂತ ಹೆಚ್ಚು ಎಳೆಯದೇ ಇದ್ದದ್ದು ಅದಕ್ಕೇ. ಅಕ್ಕನಿಗೆ ಫೋನು ಮಾಡಿದೆ.

"ಏನಿಲ್ಲ ಅಕ್ಕ," ಎಂದೆ.

ಆ ಕಡೆ ಅಕ್ಕ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಎಂತ ಆಯ್ತು ಮಾರಾಯ್ತಿ? ಹೇಳು."

ಆ ಹೆಲಿಕಾಪ್ಟರು ಹತ್ತಬೇಡಿ ಎಂದೆ. ಭಾವ ಹಿಂದಿನಿಂದ, "ಒಂದೇ ಒಂದು ಆಕ್ಸಿಡೆಂಟ್ ಇಲ್ವಂತೆ, ಬರ್ದಿದ್ದಾರಲ್ಲ" ಎಂದರು.

"ಅದನ್ನ ಬರೆದವಳು ನಾನೇ ಭಾವ" ಎಂದೆ. ಪುಸ್ತಕದ ಮೊದಲ ಪುಟದಿಂದ ಓದಲು ಶುರು ಮಾಡಿದೆ. ಬಾಗಿಲು, ಕೆಸರು, ಮಾಂಝಾ, ನಡುಕ, ನಡುಕ, ನಡುಕ. ಅರ್ಧ ಗಂಟೆ ಓದಿದೆ. ಒಂದು ಕಡೆಯೂ ತಡವರಿಸಲಿಲ್ಲ. ಮುಗಿಸಿ ಸಂಧುವಿನ ಕತೆಯನ್ನೂ ಹೇಳಿದಾಗ ಅಕ್ಕ, "ಇಷ್ಟೆಲ್ಲ ಗೊತ್ತಿದ್ದೂ ಆ ಹುಡುಗನಿಗೋಸ್ಕರ ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದಳು. ಆಮೇಲೆ ಟಿಕೆಟ್ಟು ರದ್ದು ಮಾಡುತ್ತೇವೆ ಎಂದು ಹೇಳಿ ಫೋನಿಟ್ಟಳು.

ಮಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲ್ಯಾಪ್‌ಟಾಪು ತಂದು ನನ್ನ ಮುಂದೆ ತೆರೆದಿಟ್ಟು, "ನೀವು ಓದಿ, ಮೈಂ ಇಂಗ್ಲಿಷ್ ಮೇಂ ಟೈಪ್ ಕರ್ತೀ ಹೂಂ" ಎಂದಳು. ಭಾನುವಾರ ಆ ಇಂಗ್ಲಿಷ್ ಹಾಳೆಗಳನ್ನು ಹಿಡಿದು ಫರೀದಾಬಾದಿಗೆ ಹೋಗಬೇಕು. ಸಂಧು ಬಾಗಿಲು ತೆಗೆಯುತ್ತಾನೋ ಇಲ್ಲವೋ ತಿಳಿಯದು. ತೆಗೆದರೆ ಮೊದಲ ಮಾತು ಏನಿಲ್ಲ ಎಂದಾಗಿರಬಾರದು, ಅವನಿಗೆ ಕನ್ನಡ ಬರುವುದಿಲ್ಲ. ಅವನಿಗೆ ಹೇಳಬೇಕಾದದ್ದನ್ನು ಎಲ್ಲಕ್ಕಿಂತ ಮೇಲೆ, ಮೊದಲ ಸಾಲಾಗಿ ಟೈಪ್ ಮಾಡಿಸಿದ್ದೇನೆ: ಈ ಪುಸ್ತಕದ ಅಕ್ಷರ ಆಗಲೂ ಸ್ಪಷ್ಟವಾಗಿಯೇ ಇತ್ತು.