ಸೊನ್ನೆ ಬೇಡವೆನ್ನುವ ಜೆರಾಕ್ಸ್ ಆಂಟಿ

ಬೆಳಕು ಹರಿಯುವ ಮುಂಚೆಯೇ ಜೆರಾಕ್ಸ್ ಆಂಟಿ ಅಂಗಡಿಯ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಪೂರ್ತಿ ಎತ್ತಿದರೆ ಗಿರಾಕಿಗಳು ಮುತ್ತಿಕೊಳ್ಳುತ್ತಾರೆಂಬ ಭಯ. ಮೂಲೆಯ ಹಳೇ ಕಂಪ್ಯೂಟರಿನ ಜಾಲರಿಗೆ ಹಿಡಿದ ಧೂಳನ್ನು ಪೇಂಟ್ ಬ್ರಷ್ಷಿನಿಂದ ಕೊಡವಿ, ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ ಅದರ ಬೆನ್ನಿಗೆ ಅಂಗೈ ಇಡುತ್ತಾರೆ. ಯಂತ್ರ ಹಗಲೂ ರಾತ್ರಿ ಒಂದೇ ಲೆಕ್ಕ ಮಾಡುತ್ತಿದೆ. ಪುಟಕ್ಕೆಷ್ಟು ಎಂದು ಚೌಕಾಸಿ ಮಾಡುವವರಿಗೆ ಇದರ ಗಂಧಗಾಳಿಯೂ ಇಲ್ಲ.

ಅವಿಭಾಜ್ಯ ಸಂಖ್ಯೆ ಗೊತ್ತಲ್ಲ, ಒಂದು ಮತ್ತು ತಾನು ಬಿಟ್ಟರೆ ಬೇರಾವುದಕ್ಕೂ ಬಗ್ಗದ ಮೊಂಡು. ಕೋಟ್ಯಂತರ ಅಂಕಿಗಳ ಅಂಥದೊಂದನ್ನು ಹುಡುಕಲು ನಾನಾ ಊರುಗಳ ಹವ್ಯಾಸಿಗಳು ತಮ್ಮ ಕಂಪ್ಯೂಟರುಗಳನ್ನು ದುಡಿಸುತ್ತಾರೆ. ಎರಡನ್ನು ಎರಡರಿಂದ ಗುಣಿಸುತ್ತಲೇ ಹೋಗಿ, ಕೊನೆಗೆ ಒಂದು ಕಳೆದರೆ ಸಿಗುವ ಸಂಖ್ಯೆಗಳ ಮೇಲೆ ಅವರ ಕಣ್ಣು. ಪರೀಕ್ಷೆ ಕೇಳಲು ಸುಲಭ. ನಾಲ್ಕರಿಂದ ಶುರು ಮಾಡು, ವರ್ಗ ಮಾಡು, ಎರಡು ಕಳೆ, ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ, ಮತ್ತೆ ವರ್ಗ ಮಾಡು. ಕೋಟಿಗಟ್ಟಲೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಉಳಿದರೆ ಅವಿಭಾಜ್ಯ. ಬೇರೇನು ಉಳಿದರೂ ಅಲ್ಲ. ಯಾವುದು ಅದನ್ನು ಭಾಗಿಸುತ್ತದೆ ಎಂದು ಮಾತ್ರ ಪರೀಕ್ಷೆ ಬಾಯಿ ಬಿಡುವುದಿಲ್ಲ.

ಸೊನ್ನೆ ಕಂಡವರಿಗೆ ಹೆಸರು ಬರುತ್ತದೆ. ಆಂಟಿಯದು ಹೆಸರು ಬಾರದ ಕೆಲಸ. ಬೇರೆಯವರು ‘ಅಲ್ಲ’ ಎಂದು ಕೈಬಿಟ್ಟ ಸಂಖ್ಯೆಗಳನ್ನು ಮತ್ತೆ ಪರೀಕ್ಷಿಸುತ್ತಾರೆ. ಹೇಳಿದವರೇ ಇನ್ನೊಮ್ಮೆ ಹೇಳಿದರೆ ನಡೆಯದು. ಬೇರೊಬ್ಬರ ಯಂತ್ರಕ್ಕೂ ಅದೇ ಶೇಷ ಬರಬೇಕು.

ಗಣಿತವೆಂದರೆ ಮಾರುದೂರ ಓಡುತ್ತಿದ್ದ ಇವರನ್ನು ಇದಕ್ಕೆ ಎಳೆತಂದದ್ದು ಅಕ್ಕನ ಮೇಲೆ ಬಂದ ಒಂದು ಮಾತು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಕ್ಕ ಹಾಸಿಗೆ ಹಿಡಿದ ಮೇಲೂ ಮಂಚದ ಪಕ್ಕದಲ್ಲೇ ಈ ಲೆಕ್ಕ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಹವ್ಯಾಸಿ ಬಳಗದ ಒಬ್ಬರು, ಆ ಯಂತ್ರ ಕಾದು ಕೆಂಡವಾಗುತ್ತಿತ್ತು, ಕೊನೆಯ ವರ್ಷದ ಉತ್ತರಗಳನ್ನು ನಂಬುವಂತಿಲ್ಲ ಎಂದು ಬರೆದರು. ಆ ಮಾತನ್ನು ತಂಗಿ ಹಾಗೇ ಬಿಡಲಿಲ್ಲ. ಅಂದಿನಿಂದ ಅಕ್ಕ ‘ಅಲ್ಲ’ ಎಂದಿದ್ದ ಸಂಖ್ಯೆಗಳನ್ನೇ ಕೇಳಿ ಪಡೆದು, ತಮ್ಮ ಅಂಗಡಿಯ ಯಂತ್ರದಲ್ಲಿ ಒಂದೊಂದಾಗಿ ಮುಗಿಸುತ್ತಿದ್ದಾರೆ. ಈವರೆಗೆ ಎಲ್ಲವೂ ತಾಳೆಯಾಗಿವೆ. ಈಗ ಓಡುತ್ತಿರುವುದು ಕೊನೆಯದು.

“ಎಲ್ರೂ ಸೊನ್ನೆ ಬರ್ಲಿ ಅಂತ ಕಾಯ್ತಾರೆ, ನಾನು ಬರ್ಬಾರ್ದು ಅಂತ ಕಾಯ್ತೀನಿ. ಬಂದ್ರೆ ನಂಗೆ ಹೆಸ್ರು ಬರುತ್ತೆ, ಅಕ್ಕ ತಪ್ಪು ಮಾಡಿದ್ಲು ಅಂತಾಗುತ್ತೆ.”

ಬೇಗ ಮುಗಿಯಲಿ ಎಂದು ಒಂದು ಮನಸ್ಸು, ಮುಗಿಯದಿರಲಿ ಎಂದು ಇನ್ನೊಂದು. ಮುಗಿದರೆ ಅಕ್ಕನಿಗಾಗಿ ಮಾಡಲು ಕೆಲಸವೇ ಉಳಿಯುವುದಿಲ್ಲ.

ಬಿಸಿಲು ಬೀಳುವ ಹೊತ್ತಿಗೆ ಲೆಕ್ಕ ಮುಗಿದು ಯಂತ್ರದ ಫ್ಯಾನಿನ ಸದ್ದು ತಗ್ಗುತ್ತದೆ. ಪರದೆಯ ಮೇಲೆ ಶೇಷದ ಕೊನೆಯ ಅಂಕಿಗಳು ಮೂಡುತ್ತವೆ. ಸೊನ್ನೆಯಲ್ಲ. ಆಂಟಿ ಉತ್ತರ ಕಳಿಸಿದ ಮೇಲಷ್ಟೇ, ಅಲ್ಲಿಯವರೆಗೆ ಬಳಗ ಮುಚ್ಚಿಟ್ಟಿದ್ದ ಅಕ್ಕನ ಶೇಷ ಅದರ ಕೆಳಗೆ ತೆರೆದುಕೊಳ್ಳುತ್ತದೆ. ಆಂಟಿ ಮೇಲೊಂದು ಕೆಳಗೊಂದು ಅಂಕಿಗೆ ಬೆರಳಿಟ್ಟು ಓದುತ್ತಾ ಹೋಗುತ್ತಾರೆ. ಎರಡೂ ಒಂದೇ.

“ಒಂದ್ರಲ್ಲೂ ತಪ್ಪಿಲ್ಲ ನಮ್ಮಕ್ಕ,” ಎಂದು ಕಣ್ಣೊರೆಸಿಕೊಳ್ಳುತ್ತಾರೆ. “ಇಷ್ಟನ್ನ ಅವಳಿಗೊಂದ್ಸಲ ಹೇಳೋ ಹಾಗಿದ್ದಿದ್ರೆ ಸಾಕಿತ್ತು.”