ಅಡ್ಡ ಮಲಗಿದ ಕೂಸು

ಮೈಸೂರಿನಲ್ಲಿ ಹೆರಿಗೆ ಮಾಡಿಸುವ ತರಬೇತಿ ಮುಗಿಸಿ ಗುಂಡ್ಲುಪೇಟೆಗೆ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುಸ್ತಕ ಓದಿದವಳೆಂಬ ಗರ್ವದಲ್ಲಿ ಹಳ್ಳಿಯ ಸೂಲಗಿತ್ತಿಯರನ್ನು ಕಂಡರೆ ತಾತ್ಸಾರ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಭೀಮನಬೀಡಿನಿಂದ ಗಾಡಿ ಕಳಿಸಿದರು. ಹೋದವಳೇ ಆ ಊರಿನ ಮುದಿ ಸೂಲಗಿತ್ತಿಯನ್ನು ಹೊರಗೆ ಕಳಿಸಿ, ನೋವು ತಿನ್ನುತ್ತಿದ್ದ ಬಸುರಿಯ ಹೊಟ್ಟೆ ಮುಟ್ಟಿ ನೋಡಿದೆ. ಕೂಸು ಅಡ್ಡ ಮಲಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಕಲಿತಿದ್ದೆ. ಆದರೆ ಮೈಸೂರು ತಲುಪುವವರೆಗೆ ಅವಳು ಉಳಿಯುವ ನಂಬಿಕೆ ನನಗಿರಲಿಲ್ಲ.

ಮುದುಕಿ ಬಾಗಿಲಲ್ಲಿ ನಿಂತು ಕೇಳಿದಳು. "ಒಸಿ ನಾ ನೋಡ್ಲೇನವ್ವ?"

ನಾನು ಸರಿದು ಜಾಗ ಬಿಟ್ಟೆ. ಅವಳು ಅಂಗೈಗೆ ಬೆಚ್ಚಗಿನ ಹರಳೆಣ್ಣೆ ಸವರಿಕೊಂಡು ಒಂದು ಕೈಯನ್ನು ಕೂಸಿನ ತಲೆಯ ಕಡೆ, ಇನ್ನೊಂದನ್ನು ಕುಂಡೆಯ ಕಡೆ ಇಟ್ಟಳು. ನೋವು ಬಂದಾಗ ಕೈ ಅಲುಗಿಸುತ್ತಿರಲಿಲ್ಲ. ನೋವು ಇಳಿದಾಗ ಬೆರಳಷ್ಟು ಸರಿಸುತ್ತಿದ್ದಳು. ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ತಲೆ ಕೆಳಗೆ ಬಂದಿತ್ತು. ಮಧ್ಯಾಹ್ನ ಕೂಸು ಅತ್ತಿತು.

"ಯಾರು ಕಲಿಸಿದ್ದು ನಿಮಗೆ?" ಎಂದೆ.

"ಯಾರೂ ಕಲಿಸ್ನಿಲ್ಲ ಕಣವ್ವ. ನಲವತ್ತು ವರ್ಸ ಮಾಡ್ತಾ ಮಾಡ್ತಾ ಕೈಗೆ ಬಂತು." ಅವಳು ಕೈ ತೊಳೆಯತೊಡಗಿದಳು. "ಮೊದ್ಲು ಏನೂ ತಿಳೀತಿರ್ನಿಲ್ಲ. ನಮ್ಮಕ್ಕನ ಕೂಸೂ ಇಂಗೇ ಅಡ್ಡ ಇತ್ತು. ಗಾಬ್ರೀಲಿ ಜೋರಾಗಿ ಒತ್ಬುಟ್ಟೆ. ಕೂಸೂ ಓಯ್ತು, ಅಕ್ಕನೂ ಓದ್ಲು."

ನಾನು ಚೊಂಬು ಎತ್ತಿ ಅವಳ ಕೈಗೆ ನೀರು ಹಾಕಿದೆ.

ಆಮೇಲೆ ವಾರಕ್ಕೊಮ್ಮೆ ಅವಳ ಜೊತೆ ಬಸುರಿಯರ ಮನೆಗಳಿಗೆ ಹೋಗತೊಡಗಿದೆ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, "ಕಣ್ಮುಚ್ಚು, ತಲೆ ಎಲ್ಲದೆ ಅಂತ ಏಳು" ಎನ್ನುತ್ತಿದ್ದಳು. ಒಂದು ವರ್ಷ ತಪ್ಪಾಗಿಯೇ ಹೇಳಿದೆ. ಅವಳು ಒಮ್ಮೆಯೂ ಬೈಯಲಿಲ್ಲ.

ಮೂರು ವರ್ಷದ ನಂತರ ಸಂತೆಮರಹಳ್ಳಿಗೆ ವರ್ಗವಾಯಿತು. ಅಲ್ಲಿ ನಾನೊಬ್ಬಳೇ ತಿರುಗಿಸಿದ ಮೊದಲ ಕೂಸು ಹೆಣ್ಣು, ಬದುಕಿತು. ಎರಡನೆಯದು ಸರಿಯಾಗಿಯೇ ತಿರುಗಿತು, ಆದರೆ ಉಸಿರಿಲ್ಲದೆ ಹುಟ್ಟಿತು. ಅದರ ತಾಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಬಸ್ಸು ಹತ್ತಿ ಭೀಮನಬೀಡಿಗೆ ಹೋದೆ. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು ಮುದ್ದೆ ಬಡಿಸಿದಳು. ನಾನು ಮುಟ್ಟಲಿಲ್ಲ.

"ಇನ್ನು ಈ ಕೆಲಸ ಬೇಡ ನನಗೆ" ಎಂದೆ.

"ನೀ ಬುಟ್ಬುಟ್ರೆ ಅಲ್ಲಿ ಬಸುರೀರ್ನ ಯಾರವ್ವ ನೋಡಾರು? ಉಣ್ಣು."

ಉಂಡೆ. ಮರುದಿನದ ಬಸ್ಸಿಗೆ ಸಂತೆಮರಹಳ್ಳಿಗೆ ಹಿಂತಿರುಗಿ, ಆ ತಾಯಿಯ ಮನೆಗೇ ಮೊದಲು ಹೋದೆ.